ತೊಳೆದಿಟ್ಟ ಸೈಲೆನ್ಸರ್

ಏಳನೇ ಗುಂಡು ಹಾರಿದ ಮೇಲೆ ನಿರುಪಮಾ ಕೈ ಎತ್ತಿದಳು. ಓಂಗ್ ಪಿಸ್ತೂಲನ್ನು ಖಾಲಿ ಮಾಡಿ, ಎರಡು ಸಲ ಇಣುಕಿ ನೋಡಿ, ಮೇಜಿನ ಮೇಲಿಟ್ಟ.

ಸದ್ದು ಅಂಥದ್ದೇನೂ ಆಗಿರಲಿಲ್ಲ. ದಪ್ಪ ಪುಸ್ತಕವೊಂದು ಕಪಾಟಿನಿಂದ ನೆಲಕ್ಕೆ ಬಿದ್ದರೆ ಎಷ್ಟೋ ಅಷ್ಟು. ಹೊಗೆ ಮಾತ್ರ ವಿಪರೀತ. ಪೊಲೀಸರ ಶೂಟಿಂಗ್ ರೇಂಜಿನ ಆ ಉದ್ದನೆಯ ಕೋಣೆಯ ತುಂಬ ಇಪ್ಪತ್ತು ಮೇಣದಬತ್ತಿ ಒಟ್ಟಿಗೆ ಆರಿಸಿದಂಥ ವಾಸನೆ.

ಬರ್ತ್‌ಡೇ ಪಾರ್ಟಿ ಮುಗಿದ ಹಾಗಿದೆ ಎಂದ ಓಂಗ್. ನಿರುಪಮಾ ಕೆಮ್ಮುತ್ತಲೇ ನಕ್ಕಳು.

ಇಬ್ಬರೂ ಪೊಲೀಸ್ ಲ್ಯಾಬಿನ ಒಂದೇ ಕೋಣೆಯಲ್ಲಿ ಹನ್ನೆರಡು ವರ್ಷ ಬಂದೂಕು, ಗುಂಡು ಪರೀಕ್ಷೆ ಮಾಡಿದವರು. ಎರಡು ವರ್ಷದ ಹಿಂದೆ ಅವಳು ಕೆಲಸ ಬಿಟ್ಟು ಸ್ವಂತ ಬೋರ್ಡು ಹಾಕಿಕೊಂಡಳು. ಈಗ ಆರೋಪಿಗಳ ಪರ ವಕೀಲರು ಕರೆದಾಗ ಬರುತ್ತಾಳೆ, ಓಂಗ್ ಬರೆದದ್ದರಲ್ಲಿ ತೂತು ಹುಡುಕುತ್ತಾಳೆ. ಅದಕ್ಕೆ ಅವನಿಗೆ ಬೇಜಾರೇನಿಲ್ಲ. ಊಟದ ಬಿಲ್ ಮಾತ್ರ ಈಗ ಅವಳೇ ಕೊಡಬೇಕು ಎಂಬುದು ಅವನ ಒಂದೇ ಷರತ್ತು.

ಈ ಸಲದ ಆರೋಪಿ ಸಾಗರ್. ಸಿಂಗಪುರದ ಕಲ್ಲಾಂಗಿನ ಒಂದು ವರ್ಕ್‌ಶಾಪಿನಲ್ಲಿ ಇಂಜಿನಿಯರ್, ಇಪ್ಪತ್ತಾರು ವರ್ಷ. ಹೋದ ಶನಿವಾರ ಮಧ್ಯಾಹ್ನ ಅಲ್ಲಿ ಯಾರೋ ಹಾರಿಸಿದ ಗುಂಡು ಕ್ವಾಲಿಟಿ ನೋಡಿಕೊಳ್ಳುವ ಅಮೂಲ್ಯಾಳ ತೋಳಿಗೆ ಹೊಕ್ಕಿತ್ತು. ಒಂದು ಗಂಟೆಯೊಳಗೆ ಪಿಸ್ತೂಲೂ ಸೈಲೆನ್ಸರೂ ಸಾಗರನ ಲಾಕರಿನಲ್ಲಿ ಸಿಕ್ಕವು. ಹಿಂದಿನ ದಿನ ಅವನು ಮಾಡಿದ ನಲವತ್ತು ಪಾರ್ಟುಗಳನ್ನು ಅಮೂಲ್ಯಾ ರಿಜೆಕ್ಟ್ ಮಾಡಿದ್ದಳು, ಅವನು ಎಲ್ಲರ ಎದುರು ಕೂಗಾಡಿದ್ದ.

ಹುಡುಗಿ ಬದುಕಿದಳು, ಆಸ್ಪತ್ರೆಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದಾಳೆ. ಆದರೆ ಈ ದೇಶದ ಕಾನೂನಿನಲ್ಲಿ ಅದು ದೊಡ್ಡ ಸಮಾಧಾನವಲ್ಲ. ಮನುಷ್ಯರ ಮೇಲೆ ಗುಂಡು ಹಾರಿಸಿದ್ದು ರುಜುವಾತಾದರೆ ನೇಣಿನ ಹಗ್ಗ. ತಾಗಿತೋ ಇಲ್ಲವೋ ಎಂಬ ಲೆಕ್ಕ ಬರುವುದಿಲ್ಲ.

ಓಂಗ್ ಲ್ಯಾಬಿನ ಸೈಲೆನ್ಸರನ್ನು ಬಿಚ್ಚಿದ. ವಶಪಡಿಸಿಕೊಂಡದ್ದರಿಂದ ಮತ್ತೆ ಗುಂಡು ಹಾರಿಸುವ ಹಾಗಿರಲಿಲ್ಲ, ಅದಕ್ಕೇ ಅದೇ ಅಳತೆಯ ಇನ್ನೊಂದನ್ನು ಪಿಸ್ತೂಲಿಗೆ ಹಾಕಿ ಪರೀಕ್ಷೆ ಮಾಡಿದ್ದರು. ಕೊಳವೆಯೊಳಗೆ ಒಂದರ ಹಿಂದೊಂದು ತಟ್ಟೆಗಳು, ನಡುವೆ ಗುಂಡು ಹೋಗುವಷ್ಟು ತೂತು. ಬೆಳಿಗ್ಗೆ ಕನ್ನಡಿಯ ಹಾಗಿದ್ದ ಮೊದಲ ತಟ್ಟೆ ಈಗ ಬೂದು ಬಳಿದಂತಿತ್ತು. ಬೆರಳಲ್ಲಿ ಉಜ್ಜಿದರೆ ಹೋಗುವ ಬೂದಲ್ಲ, ಸೀಸ.

ಅಂಗಡಿಯಲ್ಲಿ ಸಿಗುವ ಗುಂಡಿಗೆ ತಾಮ್ರದ ಅಂಗಿ ಇರುತ್ತದೆ. ಅಮೂಲ್ಯಾಳ ತೋಳಿನಿಂದ ತೆಗೆದದ್ದು ಬರಿಮೈ ಗುಂಡು. ಯಾರೋ ಕೂತು ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಮೇಲೆ ಮೇಣ ಸವರಿದ್ದರು. ಅಂಥ ಗುಂಡು ಹೋದ ದಾರಿಯಲ್ಲೆಲ್ಲ ಮೈ ತಿಕ್ಕಿಕೊಂಡೇ ಹೋಗುತ್ತದೆ. ನಳಿಗೆಗೆ ಒಂದಿಷ್ಟು, ಸೈಲೆನ್ಸರಿಗೆ ಒಂದಿಷ್ಟು. ಮೇಣ ಸುಟ್ಟು ಆ ಸೀಸವನ್ನು ಅಂಟಿಸಿ ಕೂರಿಸುತ್ತದೆ.

"ಏಳು ಗುಂಡಿಗೆ ಇಷ್ಟು," ಎಂದಳು ನಿರುಪಮಾ. "ಈಗ ನಿನ್ನದನ್ನು ತೋರಿಸು."

ಓಂಗ್‌ನದು ಪಕ್ಕದ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಕಾದಿತ್ತು. ಸಾಗರನ ಲಾಕರಿನಲ್ಲಿ ಸಿಕ್ಕ ಸೈಲೆನ್ಸರಿನ ಒಂದು ತಟ್ಟೆಯನ್ನು ಮಂಗಳವಾರವೇ ಅಡ್ಡಡ್ಡ ಕತ್ತರಿಸಿ ನುಣ್ಣಗೆ ಉಜ್ಜಿಟ್ಟಿದ್ದರು. ಹೊರಗಿನಿಂದ ನೋಡಿದರೆ ತೊಳೆದಿಟ್ಟ ಲೋಟದಷ್ಟು ಚೊಕ್ಕಟ. ಅದಕ್ಕೇ ಪೊಲೀಸರು ಇದು ಹೊಸದು, ಒಂದೇ ಸಲ ಬಳಸಿದ್ದು ಎಂದುಕೊಂಡಿದ್ದರು.

ನಿರುಪಮಾ ಕಣ್ಣಿಟ್ಟಳು. ಒಳಮೂಲೆಯಲ್ಲಿ, ಬ್ರಷ್ಷು ಹೋಗದ ಜಾಗದಲ್ಲಿ, ಸೀಸ ಪದರ ಪದರವಾಗಿ ಕೂತಿತ್ತು. ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಪರೋಟಾ ಮುರಿದಾಗ ಕಾಣುವ ಹಾಗೆ. ಬೂದು, ಅದರ ಮೇಲೆ ಬಿಳಿಯ ತೆಳ್ಳನೆ ಪೊರೆ. ಮತ್ತೆ ಬೂದು, ಮತ್ತೆ ಬಿಳಿ. ಮತ್ತೆ ಬೂದು, ಮತ್ತೆ ಬಿಳಿ. ಎಲ್ಲದರ ಮೇಲೆ ಕೊನೆಯದಾಗಿ ಒಂದು ಬೂದು.

ಅವಳಿಗೆ ಒಳಗಿನಿಂದಲೇ ಖುಷಿ ಎದ್ದಿತು. ಈ ಕೆಲಸದಲ್ಲಿ ಅವಳಿಗೆ ಬೇಕಾದದ್ದು ಇಷ್ಟೇ. ಜನ ಸುಳ್ಳು ಹೇಳುತ್ತಾರೆ, ವಕೀಲರು ಬಣ್ಣ ಕಟ್ಟುತ್ತಾರೆ, ಸೀಸ ಸುಮ್ಮನೆ ಕೂತಿರುತ್ತದೆ.

ನೂರಾರು ಗುಂಡು ಹಾರಿದೆ, ನಡುವೆ ಮೂರು ಸಲ ಯಾವುದೋ ಹುಳಿಯಲ್ಲಿ ತೊಳೆದಿದ್ದಾರೆ ಎಂದಳು. ವಿನಿಗರ್ ಇರಬಹುದು ಎಂದ ಓಂಗ್. ವಿನಿಗರ್ ಆಗಿದ್ದರೆ ಸೀಸ ಕರಗಿ ನೀರಿನ ಜೊತೆ ಹೊರಟುಹೋಗುತ್ತಿತ್ತು, ಹೀಗೆ ಪೊರೆ ಕಟ್ಟುತ್ತಿರಲಿಲ್ಲ. ಯಂತ್ರ ಹೇಳಿದ್ದು ಟಾರ್ಟಾರಿಕ್ ಆಸಿಡ್. ಹಾಗಾದರೆ ವೈನ್ ಎಂದ ಓಂಗ್. ಅವನ ತಲೆಗೆ ದ್ರಾಕ್ಷಿ ಬಿಟ್ಟು ಬೇರೆ ಹೊಳೆಯಲಿಲ್ಲ.

ನಿರುಪಮಾ ಚಿಮಟ ತೆಗೆದುಕೊಂಡು ಅದೇ ಸೈಲೆನ್ಸರಿನ ಕೊಳವೆಯ ಬಾಯಿಯ ಮರೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಕಂದು ಎಳೆಯನ್ನು ಮೆಲ್ಲಗೆ ಎಳೆದಳು. ಅದನ್ನು ಗುರುತಿಸಲು ಅವಳಿಗೆ ಯಾವ ಯಂತ್ರವೂ ಬೇಕಿರಲಿಲ್ಲ. ದಿನಾ ಸಾರಿಗೆ ಕಿವುಚುವಾಗ ಬೆರಳಿಗೆ ಸುತ್ತಿಕೊಳ್ಳುವ ನಾರು. ಹುಣಸೆಹಣ್ಣು.

ಓಂಗ್ ಬಗ್ಗಿ ನೋಡಿದ. ಆಮೇಲೆ ಇದು ತನ್ನಮ್ಮ ಮೀನಿನ ಸಾರಿಗೂ ಹಾಕುತ್ತಿದ್ದಳು, ಅರ್ಧ ಸಿಂಗಪುರದ ಅಡುಗೆಮನೆಯಲ್ಲಿ ಇದೆ, ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದ. ನಾಲ್ಕು ತಿಂಗಳಿಂದ ಸಾಗರ್ ಇಲ್ಲಿದ್ದಾನೆ. ನಾಲ್ಕು ತಿಂಗಳಲ್ಲಿ ಮೂರು ಸಲ ತೊಳೆಯುವುದು ಯಾವ ಮಹಾ ಕೆಲಸ?

ಅದು ನಿಜ. ಅವಳು ದೀಪ ಆರಿಸಿ ನೇರಳೆ ಬೆಳಕಿನ ಟಾರ್ಚ್ ಹಿಡಿದಳು.

ಕೊಳವೆಯ ಬಾಯಿಯ ಹತ್ತಿರ ಹಳದಿ ಮಿಶ್ರಿತ ಹಸಿರಾಗಿ ಏನೋ ಮಿನುಗಿತು. ಕತ್ತರಿಸಿದ ತುಂಡಿನ ಮೇಲೆ ಹಿಡಿದರೆ ಅಲ್ಲೂ. ಒಂದೊಂದು ಬಿಳಿ ಪೊರೆಯ ಮೇಲೂ ಒಂದೊಂದು ಚುಕ್ಕೆ, ಒಟ್ಟು ಮೂರು.

"ಅರಿಶಿನ," ಎಂದಳು.

ಅದೂ ಮೀನಿನ ಸಾರಿಗೆ ಹಾಕುತ್ತಾರೆ ಎಂದ ಓಂಗ್, ಮುಖ ಗಂಭೀರವಾಗಿಟ್ಟುಕೊಂಡು.

"ನನ್ನ ಹಳೇ ಮೈಕ್ರೋಸ್ಕೋಪ್ ಎಲ್ಲಿದೆ?"

ಅದು ಮೂಲೆಯಲ್ಲಿತ್ತು. ಅವಳು ಕೆಲಸ ಬಿಟ್ಟ ಮೇಲೆ ಅದನ್ನು ಹೊಸ ಹುಡುಗರಿಗೆ ಕೊಟ್ಟಿದ್ದರು. ಅವಳು ಅದರ ಕುತ್ತಿಗೆಗೆ ಟಾರ್ಚ್ ಹಿಡಿದಳು. ಎರಡು ವರ್ಷ ಬರೀ ಬಟ್ಟೆಯಲ್ಲಿ ಒರೆಸಿದ್ದರೂ ಸ್ಕ್ರೂವಿನ ಸಂದಿಯಲ್ಲಿ ಅದೇ ಹಸಿರು ಮಿನುಗಿತು. ಪ್ರತಿ ವರ್ಷ ಅಕ್ಟೋಬರಿನಲ್ಲಿ ಅವಳು ಅದನ್ನು ತೊಳೆದು ಬೊಟ್ಟು ಇಡುವುದನ್ನು ಓಂಗ್ ಹನ್ನೆರಡು ಸಲ ನೋಡಿದ್ದ, ಹನ್ನೆರಡು ಸಲ ಕೇಸರಿಬಾತ್ ತಿಂದಿದ್ದ.

ಅವನು ಕನ್ನಡಕ ತೆಗೆದ. "ನಿಮ್ಮ ಟೂಲ್ ಹಬ್ಬ."

ಆಯುಧ ಪೂಜೆ. ಮಿಷನ್ ಕೆಲಸದವರು ವರ್ಷಕ್ಕೊಂದು ದಿನ ಸ್ಪ್ಯಾನರಿನಿಂದ ಹಿಡಿದು ಲೇತ್‌ವರೆಗೆ ಎಲ್ಲವನ್ನೂ ತೊಳೆದು ಅರಿಶಿನ ಕುಂಕುಮ ಇಡುವ ದಿನ. ಯಾವನೋ ಒಬ್ಬ, ಕದ್ದು ಮಾಡಿದ ಆಯುಧವನ್ನೂ ಆ ದಿನ ಪೂಜೆಯಿಂದ ಬಿಡಲಾರದೆ ಹೋಗಿದ್ದ. ಇಷ್ಟು ಬುದ್ಧಿವಂತ, ಇಷ್ಟು ನಾಜೂಕು ಕೈಯವನು ಅಲ್ಲಿ ಎಡವಿದ್ದ.

ಮೂರು ಚುಕ್ಕೆ ಎಂದರೆ ಮೂರು ದಸರೆ. ಸಾಗರ್ ಸಿಂಗಪುರಕ್ಕೆ ಇಳಿದದ್ದು ಈ ವರ್ಷ ಜನವರಿ ಒಂಬತ್ತಕ್ಕೆ. ನಿರುಪಮಾ ಅವನ ವರ್ಕ್ ಪಾಸ್ ಕಾರ್ಡ್ ನೋಡಿದ್ದಳು. ರಿಮ್ಯಾಂಡಿನಲ್ಲಿ ಗಾಜಿನಾಚೆ ಕೂತು ಅವನೇ ಹೇಳಿದ್ದ, ಜನವರಿಗೆ ಮುಂಚೆ ತಾನು ಈ ಊರಿನ ಮುಖ ನೋಡಿಲ್ಲ ಎಂದು.

ಓಂಗ್ ತುಂಬ ಹೊತ್ತು ತುಂಡನ್ನೇ ನೋಡಿದ. ತನ್ನ ರಿಪೋರ್ಟ್ ಬದಲಾಗುತ್ತದೆ ಎಂದ. ಇದನ್ನು ಕೇಸು ನೋಡುತ್ತಿರುವ ಅಧಿಕಾರಿಗೆ ಕಳಿಸಲೇಬೇಕು, ಅವರು ವರ್ಕ್‌ಶಾಪಿನ ಓನರ್ ಮನೆಗೆ ಹೋಗಿಯೇ ಹೋಗುತ್ತಾರೆ. ಆಮೇಲೆ ಗಡಿಯಾರ ನೋಡಿದ.

"ಟೈಪ್ ಮಾಡೋದರಲ್ಲಿ ನಾನು ಸ್ಲೋ. ಎರಡು ಗಂಟೆ ಆಗುತ್ತೆ."

ನಿರುಪಮಾ ಬ್ಯಾಗ್ ಹೆಗಲಿಗೆ ಹಾಕಿಕೊಂಡಳು.

*

ವರ್ಕ್‌ಶಾಪಿನ ಓನರ್ ದತ್ತಾತ್ರೇಯ ಹೌಗಾಂಗಿನಲ್ಲಿ ಒಂಬತ್ತನೇ ಮಹಡಿಯಲ್ಲಿದ್ದರು. ಹರಿಹರದವರು, ಅರವತ್ತೆರಡು ವರ್ಷ, ಸಿಂಗಪುರಕ್ಕೆ ಬಂದು ಮೂವತ್ತಾಯಿತು. ಪೊಲೀಸರು ವರ್ಕ್‌ಶಾಪಿಗೆ ಸೀಲ್ ಹಾಕಿದ್ದರಿಂದ ಐದು ದಿನದಿಂದ ಮನೆಯಲ್ಲೇ ಇದ್ದರು. ಸುಮ್ಮನೆ ಕೂರುವ ಜಾತಿಯಲ್ಲ. ನಿರುಪಮಾ ಹೋದಾಗ ಪಕ್ಕದ ಮನೆಯವರ ಮಿಕ್ಸಿಯನ್ನು ಊಟದ ಮೇಜಿನ ಮೇಲೆ ಬಿಚ್ಚಿ ಹಾಕಿಕೊಂಡಿದ್ದರು.

ಗೇಟು ತೆಗೆದವರು ಅವರ ಹೆಂಡತಿ ರೇಣುಕಾ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ನಿರುಪಮಾಳನ್ನು ನೋಡಿದ್ದರು. ಊಟದ ಹೊತ್ತಿಗೆ ಬಂದಿದ್ದೀಯ, ಊಟ ಮಾಡಿಕೊಂಡೇ ಹೋಗಬೇಕು ಎಂದು ಚಪ್ಪಲಿ ಬಿಡುವ ಮುಂಚೆಯೇ ತೀರ್ಮಾನ ಮಾಡಿಬಿಟ್ಟರು. ಸಾಗರನನ್ನು ಬಿಡಿಸುವುದಕ್ಕೆ ಓಡಾಡುತ್ತಿರುವವಳು ಎಂದು ಗೊತ್ತಿದ್ದರಿಂದ ಅವಳ ತಟ್ಟೆಗೆ ಎರಡು ಹಪ್ಪಳ ಹೆಚ್ಚಿಗೆ.

ನಿರುಪಮಾ ಸುತ್ತು ಬಳಸಲಿಲ್ಲ. ವರ್ಕ್‌ಶಾಪಿನ ಆಯುಧ ಪೂಜೆಗೆ ತೊಳೆಯುವುದು ಬಳಿಯುವುದು ಯಾರು ಎಂದು ಕೇಳಿದಳು.

ರೇಣುಕಾ ಅವರಿಗೆ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲವೇನೋ. ಒಗ್ಗರಣೆ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಬಂದರು. ಇನ್ನು ಯಾರು, ನಾನೇ ಎಂದರು. ಇವರು ಸಣ್ಣ ಸಾಮಾನನ್ನೆಲ್ಲ ಒಂದು ಡಬ್ಬಿಯಲ್ಲಿ ತಂದು ಸುರಿಯುತ್ತಾರೆ. ಹಿಂದಿನ ದಿನವೇ ಬೇಸಿನಿನಲ್ಲಿ ಹುಣಸೆಹಣ್ಣು ಕಿವುಚಿ ನೆನೆಹಾಕಬೇಕು, ಬೆಳಿಗ್ಗೆ ರಂಗೋಲಿ ಪುಡಿ ಹಾಕಿ ತಿಕ್ಕಬೇಕು. ಈ ಊರಿನ ಲಿಕ್ವಿಡ್ಡುಗಳೆಲ್ಲ ದಂಡ. ದೀಪಕ್ಕೆ ಏನು ಹಾಕುತ್ತೇವೋ ಸ್ಪ್ಯಾನರಿಗೂ ಅದನ್ನೇ ಹಾಕಿದರೆ ಹೇಗೆ ಹೊಳೆಯುತ್ತದೆ ಗೊತ್ತಾ?

ನಿರುಪಮಾ ಫೋನಿನಲ್ಲಿದ್ದ ಫೋಟೋ ತೆರೆದು ತೋರಿಸಿದಳು. ಬರೀ ಕೊಳವೆ, ಪಿಸ್ತೂಲಿಲ್ಲದೆ.

"ಅಯ್ಯೋ, ಇದಾ," ಎಂದರು ರೇಣುಕಾ. "ಪಂಪಿನ ಪಾರ್ಟು. ಇದೊಂದು ಮಾತ್ರ ಎಷ್ಟು ತಿಕ್ಕಿದ್ರೂ ಒಳಗಿನ ಕರಿ ಹೋಗಲ್ಲ ನೋಡು. ಮೂರು ವರ್ಷದಿಂದ ಒದ್ದಾಡ್ತಾ ಇದೀನಿ."

ಮೇಜಿನ ಮೇಲೆ ಸ್ಕ್ರೂಡ್ರೈವರ್ ನಿಂತಿತು. ದತ್ತಾತ್ರೇಯ ಅದನ್ನು ಮಿಕ್ಸಿಯ ಪಕ್ಕದಲ್ಲಿ ನೇರವಾಗಿ ಇಟ್ಟರು. ಆಮೇಲೆ ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಅದರ ಪಕ್ಕಕ್ಕೆ ಸಾಲಾಗಿ ಜೋಡಿಸತೊಡಗಿದರು.

"ಅಂಕಲ್, ಇದು ಪಂಪಿನ ಪಾರ್ಟ್ ಅಂತ ಆಂಟಿಗೆ ಹೇಳಿದ್ದು ಯಾರು?"

"ನಾನೇ."

"ಯಾವ ಪಂಪು?"

"ರೇಣು, ಸ್ವಲ್ಪ ಒಳಗೆ ಹೋಗು."

"ಯಾಕೆ? ಹೋಗಲ್ಲ," ಎಂದು ರೇಣುಕಾ ಕುರ್ಚಿ ಎಳೆದುಕೊಂಡು ಕೂತರು. ಸೌಟು ಇನ್ನೂ ಕೈಯಲ್ಲಿತ್ತು.

ನಿರುಪಮಾ ದನಿ ಏರಿಸಲಿಲ್ಲ. ಲ್ಯಾಬಿನಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಪದರಗಳು, ಹುಣಸೆ ನಾರು, ಮೂರು ಅರಿಶಿನದ ಚುಕ್ಕೆ. ಇನ್ನು ಒಂದೂವರೆ ಗಂಟೆಯಲ್ಲಿ ಇದೆಲ್ಲ ಪೊಲೀಸರ ಮೇಜಿನ ಮೇಲಿರುತ್ತದೆ ಎಂದೂ ಹೇಳಿದಳು. ರೇಣುಕಾ ಗಂಡನನ್ನು ನೋಡಲಿಲ್ಲ, ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಅವನನ್ನ ನೇಣಿಗೆ ಹಾಕ್ತಾರೆ ಅಂಕಲ್. ನೀವು ಮೂವತ್ತು ವರ್ಷ ಇಲ್ಲಿದ್ದೀರಿ. ಈ ಊರಲ್ಲಿ ಗನ್ ಅಂದ್ರೆ ಏನು ಅಂತ ನಾನು ನಿಮಗೆ ಹೇಳಿಕೊಡಬೇಕಾ?"

"ಬೇಡ."

"ಐದು ದಿನ ಯಾಕೆ ಸುಮ್ಮನಿದ್ರಿ?"

"ಹೆದರಿಕೆ," ಎಂದರು ದತ್ತಾತ್ರೇಯ. "ಬೇರೆ ಏನಿರುತ್ತೆ?"

ಒಪ್ಪಿಕೊಂಡ ಮೇಲೆ ಅವರ ಭುಜ ಇಳಿಯಿತು. ಮಾತು ತಾನಾಗಿ ಬಂತು. ಹರಿಹರದಲ್ಲಿ ಹುಡುಗನಾಗಿದ್ದಾಗ ಬಂದೂಕು ರಿಪೇರಿಯ ಒಂದು ಅಂಗಡಿಯಲ್ಲಿ ಮೂರು ವರ್ಷ ಕೆಲಸ ಕಲಿತಿದ್ದರಂತೆ. ಇಲ್ಲಿ ಬಂದ ಮೇಲೆ ಬರೀ ಬೇರೆಯವರ ಡ್ರಾಯಿಂಗು. ಅವರು ಕೊಟ್ಟ ಅಳತೆ, ಅವರು ಕೊಟ್ಟ ಲೋಹ, ಅವರ ಹೆಸರಿನ ಪೆಟ್ಟಿಗೆ. ಮೊದಲಿನಿಂದ ಕೊನೆವರೆಗೆ ತನ್ನದೇ ಅನ್ನುವ ಒಂದು ಸಾಮಾನು ಮಾಡಬೇಕು ಎನ್ನಿಸಿತಂತೆ. ಬೇರೆ ಜನ ಅದಕ್ಕೆ ಗಡಿಯಾರ ಮಾಡುತ್ತಾರೆ, ಪಿಟೀಲು ಮಾಡುತ್ತಾರೆ. ಇವರಿಗೆ ಬರುತ್ತಿದ್ದದ್ದು ಇದೊಂದೇ.

ಸೀಸ ಎಲ್ಲಿಂದ ಬಂತು ಎಂದು ನಿರುಪಮಾ ಕೇಳಿದಳು. ಪಾಸಿರ್ ರಿಸ್ ಬೀಚಿನಲ್ಲಿ ಗಾಳ ಹಾಕುವವರು ದಾರಕ್ಕೆ ಕಟ್ಟುವ ಭಾರ ಎಂದರು. ಅವರಿಗೂ ಗಾಳದ ಹುಚ್ಚಿತ್ತು, ಯಾರೂ ಅನುಮಾನಪಡುತ್ತಿರಲಿಲ್ಲ. ಮೊದಮೊದಲು ಅಚ್ಚು ತಣ್ಣಗಿದ್ದು ಗುಂಡುಗಳೆಲ್ಲ ಒಣದ್ರಾಕ್ಷಿಯ ಹಾಗೆ ಸುಕ್ಕು ಬರುತ್ತಿದ್ದವು. ಹತ್ತಾರು ಸಲ ಮತ್ತೆ ಕರಗಿಸಿದ ಮೇಲೆ ಒಂದು ಶನಿವಾರ, ಒಂದು ಗುಂಡು ಪಾದರಸದ ಹಾಗೆ ನುಣ್ಣಗೆ ಅಚ್ಚಿನಿಂದ ಬಿತ್ತು. ಅದನ್ನು ಹೇಳುವಾಗ ದತ್ತಾತ್ರೇಯ ಎರಡು ಬೆರಳುಗಳ ನಡುವೆ ಗಾಳಿಯನ್ನು ಹಿಡಿದು ತಿರುಗಿಸಿ ತೋರಿಸಿದರು. ಆ ಗುಂಡನ್ನು ಹಾರಿಸಲು ಮನಸ್ಸೇ ಬರಲಿಲ್ಲವಂತೆ, ಒಂದು ವಾರ ಜೇಬಿನಲ್ಲಿಟ್ಟುಕೊಂಡು ಓಡಾಡಿದರಂತೆ.

"ಶರ್ಟಿನ ಜೇಬಾ?" ಎಂದರು ರೇಣುಕಾ. "ಅದಕ್ಕೇನಾ ಬಿಳೀ ಶರ್ಟಿಗೆಲ್ಲ ಬೂದು ಕಲೆ? ನಾನು ಪೆನ್ಸಿಲ್ಲು ಅಂದ್ಕೊಂಡಿದ್ದೆ."

ಹಾರಿಸುತ್ತಿದ್ದದ್ದು ಶನಿವಾರ ಮಧ್ಯಾಹ್ನ, ಮರಳು ತುಂಬಿದ ಡ್ರಮ್ಮಿಗೆ. ಪಕ್ಕದ ಯೂನಿಟ್ಟಿನ ಪ್ರೆಸ್ ಮಿಷನ್ ದಡ್ ದಡ್ ಎನ್ನುತ್ತಿದ್ದಾಗ ಇವರ ಸದ್ದು ಯಾರಿಗೂ ಬೇರೆಯಾಗಿ ಕೇಳಿಸುತ್ತಿರಲಿಲ್ಲ. ಮನುಷ್ಯರ ಮೇಲಿರಲಿ, ಹಲ್ಲಿಯ ಮೇಲೂ ಗುರಿ ಇಟ್ಟಿಲ್ಲ ಎಂದರು.

"ಅಮೂಲ್ಯಾಗೆ ಹೊಡೆದವರು ಯಾರು?"

"ನಾನಲ್ಲ. ಆ ಮಧ್ಯಾಹ್ನ ಪಾಸಿರ್ ರಿಸ್‌ನಲ್ಲಿ ಗಾಳ ಹಾಕ್ಕೊಂಡು ಕೂತಿದ್ದೆ. ಪಾರ್ಕಿನ ಕ್ಯಾಮರಾದಲ್ಲಿ ನೋಡ್ಕೊಳ್ಳಲಿ."

"ಇದು ಎಲ್ಲಿತ್ತು?"

"ನನ್ನ ಬೆಂಚಿನ ಕೆಳಗಿನ ಡ್ರಾಯರ್. ಕೀ ಮೊಳೆಗೆ ನೇತುಹಾಕಿರ್ತಿದ್ದೆ. ಹನ್ನೊಂದು ಜನ ಓಡಾಡೋ ಜಾಗ. ಯಾರು ತೆಗೆದ್ರು ಅಂತ ನನಗೆ ಗೊತ್ತಿಲ್ಲ."

ಕೊನೆಯ ಮಾತು ಸ್ವಲ್ಪ ಬೇಗ ಬಂತು ಎಂದು ನಿರುಪಮಾಳಿಗೆ ಅನ್ನಿಸಿತು. ಆದರೆ ಅವರು ಅಷ್ಟರಲ್ಲಿ ಫೋನ್ ಎತ್ತಿಕೊಂಡಿದ್ದರು. ತಾವೇ ಪೊಲೀಸರಿಗೆ ಮಾಡಿದರು. ಬ್ಲಾಕ್ ನಂಬರು, ಮನೆ ನಂಬರು, ಹೆಸರಿನ ಒಂದೊಂದು ಅಕ್ಷರ. ಪಿಸ್ತೂಲು ಮಾಡಿದ್ದು ತಾನು, ಇಟ್ಟುಕೊಂಡಿದ್ದವನು ತಾನು, ಹುಡುಗನಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಕೊರಿಯರ್ ಬುಕ್ ಮಾಡುವವರ ಹಾಗೆ ನಿಧಾನವಾಗಿ ಹೇಳಿ ಇಟ್ಟರು.

ಇಟ್ಟವರೇ ಕೈ ತೊಳೆದು ಬಂದು ಕೂತರು.

"ಊಟ ಹಾಕು ರೇಣು. ಅವರು ಬರೋಕೆ ಇಪ್ಪತ್ತು ನಿಮಿಷ ಆಗುತ್ತೆ."

ರೇಣುಕಾ ಎದ್ದು ಬಡಿಸಿದರು.

ವಿಚಿತ್ರವೆಂದರೆ ಆ ಊಟ ಚೆನ್ನಾಗಿತ್ತು. ನುಗ್ಗೆಕಾಯಿ ಹುಳಿ, ಬಿಸಿ ಅನ್ನ, ಹಪ್ಪಳ. ಕಿಟಕಿಯಿಂದ ಗಾಳಿ ಬರುತ್ತಿತ್ತು, ಕೆಳಗೆ ಕಟ್ಟಡದ ತೆರೆದ ನೆಲಮಹಡಿಯ ವಾಯ್ಡ್ ಡೆಕ್ಕಿನಲ್ಲಿ ಮುದುಕರು ಚೆಸ್ ಆಡುತ್ತ ಜಗಳವಾಡುವುದು ಕೇಳುತ್ತಿತ್ತು. ದತ್ತಾತ್ರೇಯ ಎರಡು ಸಲ ಅನ್ನ ಹಾಕಿಸಿಕೊಂಡರು. ಮಿಕ್ಸಿಯ ಬುಷ್ ಹೋಗಿದೆ, ಪಕ್ಕದ ಮನೆಯವರಿಗೆ ಹೊಸದು ತರಿಸಲು ಹೇಳು ಎಂದು ಹೆಂಡತಿಗೆ ನೆನಪಿಸಿದರು. ಐದು ದಿನದಲ್ಲಿ ಇವತ್ತೇ ಇವರು ಹೊಟ್ಟೆ ತುಂಬ ಉಂಡದ್ದು ಎಂದರು ರೇಣುಕಾ, ಬೈಯುವ ದನಿಯಲ್ಲೇ.

ನಿರುಪಮಾಳಿಗೂ ಹೊಟ್ಟೆ ತುಂಬಿತ್ತು. ಎಡಗೈಯಲ್ಲೇ ವಕೀಲರಿಗೆ ಮೆಸೇಜ್ ಟೈಪ್ ಮಾಡಿದಳು. ಮಾಡಿದವರು ಒಪ್ಪಿಕೊಂಡಿದ್ದಾರೆ. ಸೈಲೆನ್ಸರಿಗೆ ಕನಿಷ್ಠ ಎರಡೂವರೆ ವರ್ಷ. ಕೊನೆಯ ಸಲ ತೊಳೆದಾಗ ಸಾಗರ್ ಈ ದೇಶದಲ್ಲೇ ಇರಲಿಲ್ಲ. ಕಳಿಸಿ ಫೋನ್ ಕವುಚಿಟ್ಟಳು. ಒಬ್ಬ ಬದುಕಿದ ಎಂದುಕೊಂಡಳು. ಇನ್ನೊಬ್ಬರು ವರ್ಷಗಟ್ಟಲೆ ಒಳಗಿರುತ್ತಾರೆ. ಆದರೆ ಅದು ಅವರೇ ಮಾಡಿಕೊಂಡದ್ದು. ಅವಳಿಗೆ ಅದರಲ್ಲಿ ಕಣ್ಣೀರು ಬರುವಂಥದ್ದೇನೂ ಕಾಣಲಿಲ್ಲ.

ಊಟ ಮುಗಿಸಿ ದತ್ತಾತ್ರೇಯ ಬಾಲ್ಕನಿಯಲ್ಲಿ ಒಣಗಿದ್ದ ಶರ್ಟು ತರಲು ಹೋದರು. ರೇಣುಕಾ ಒಂದು ಕೈಚೀಲಕ್ಕೆ ಬನಿಯನ್, ಬಿಪಿ ಮಾತ್ರೆ, ಟೂತ್‌ಬ್ರಷ್ ತುಂಬುತ್ತಿದ್ದರು. ಅಳುತ್ತಿರಲಿಲ್ಲ. ಅವರಿಗೆ ಸಿಟ್ಟು ಬಂದಿದ್ದು ಒಂದೇ ವಿಷಯಕ್ಕೆ.

"ಮೂರು ವರ್ಷ ನನ್ನ ಕೈಯಲ್ಲಿ ಅದನ್ನ ತಿಕ್ಕಿಸಿದಾರಲ್ಲ ನಿರುಪಮಾ. ದೇವರ ದೀಪ ತಿಕ್ಕೋ ಬೇಸಿನ್ನಲ್ಲೇ. ಹೋದ ವರ್ಷ ಅಂತೂ ಪಾಪ, ಆ ಹುಡುಗನ ಕೈಲೂ ತಿಕ್ಕಿಸ್ದೆ. ನನಗೆ ಬೆರಳು ನೋವು ಅಂತ ಅವನೇ ಕೂತ್ಕೊಂಡ. ಒಳಗೆಲ್ಲ ಬಿಚ್ಚಿ ಬಿಚ್ಚಿ ತೊಳೆದ."

"ಯಾವ ಹುಡುಗ ಆಂಟಿ?"

"ಇನ್ನ್ಯಾರು, ಸಾಗರ್."

ನಿರುಪಮಾ ಲೋಟವನ್ನು ಕೆಳಗಿಟ್ಟಳು.

"ಸಾಗರ್ ಬಂದಿದ್ದು ಜನವರಿಯಲ್ಲಿ."

"ಕೆಲಸಕ್ಕೆ ಸೇರಿದ್ದು ಜನವರಿ. ಅದಕ್ಕೆ ಮುಂಚೆ ಇಂಟರ್ವ್ಯೂಗೆ ಅಂತ ವಿಸಿಟ್ ಮೇಲೆ ಬಂದಿರಲಿಲ್ವಾ? ದಸರಾ ಪೂರ್ತಿ ಇಲ್ಲೇ ಇದ್ದ. ಹನ್ನೆರಡು ದಿನ. ಆ ರೂಮಲ್ಲೇ ಮಲಗ್ತಿದ್ದ," ಎಂದು ರೇಣುಕಾ ಊಟದ ಮೇಜಿನಾಚೆಯ ಸಣ್ಣ ಕೋಣೆಯ ಕಡೆ ಗದ್ದದಿಂದ ತೋರಿಸಿದರು. ಬಾಗಿಲು ಅರೆ ತೆರೆದಿತ್ತು. ಮಡಿಸಿಟ್ಟ ಹಾಸಿಗೆಯ ತುದಿ, ಅದರ ಪಕ್ಕ ಒಂದು ನೀಲಿ ಟೂಲ್ ಬಾಕ್ಸು ಕಾಣುತ್ತಿತ್ತು. "ಒಳ್ಳೇ ಹುಡುಗ. ಮೊನ್ನೆವರೆಗೂ ಭಾನುವಾರ ಭಾನುವಾರ ಬರ್ತಿದ್ದ. ಅವನ ಸಾಮಾನೆಲ್ಲ ಅಲ್ಲೇ ಇದೆ."

"ಪೊಲೀಸರಿಗೆ ಇದನ್ನ ಹೇಳಿದ್ರಾ?"

"ಅವರು ಕೇಳಲಿಲ್ಲ. ಇವರು ಹೇಳೋದು ಬೇಡ ಅಂದ್ರು."

ಬಾಲ್ಕನಿಯ ಬಾಗಿಲಲ್ಲಿ ದತ್ತಾತ್ರೇಯ ನಿಂತಿದ್ದರು. ಶರ್ಟಿನ ಒಂದು ತೋಳು ಹಾಕಿಕೊಂಡಿದ್ದರು, ಇನ್ನೊಂದು ಹಿಂದೆ ನೇತಾಡುತ್ತಿತ್ತು.

"ರೇಣು," ಎಂದರು. ಅಷ್ಟೇ.

ನಿರುಪಮಾ ಕವುಚಿಟ್ಟ ಫೋನನ್ನು ತಿರುಗಿಸಿದಳು. ಅವಳ ಮೆಸೇಜಿನ ಕೆಳಗೆ ವಕೀಲರ ಉತ್ತರ ಬಂದಿತ್ತು. ಪ್ರಾಸಿಕ್ಯೂಷನ್‌ಗೆ ಆಗಲೇ ಕಳಿಸಿದ್ದೇನೆ, ಅದ್ಭುತ ಕೆಲಸ.

"ಅಂಕಲ್," ಎಂದಳು. "ನೀವು ಈಗ ಫೋನ್ ಮಾಡಿ ಒಪ್ಪಿಕೊಂಡಿದ್ದು ಅವನು ಮಾಡಿಲ್ಲ ಅಂತಲಾ, ಮಾಡಿದಾನೆ ಅಂತಲಾ?"

ದತ್ತಾತ್ರೇಯ ಶರ್ಟಿನ ಇನ್ನೊಂದು ತೋಳನ್ನೂ ಹಾಕಿಕೊಂಡರು. ಹೊರಗೆ ಲಿಫ್ಟಿನ ಬಾಗಿಲು ತೆರೆದ ಸದ್ದು, ಕಾರಿಡಾರಿನಲ್ಲಿ ಮೂರ್ನಾಲ್ಕು ಜನರ ಬೂಟಿನ ಸದ್ದು. ಬೆಲ್ ಆಯಿತು.

ರೇಣುಕಾ ಗೇಟಿನ ಕಡೆ ನಡೆದರು. ದತ್ತಾತ್ರೇಯ ನಡೆಯಲಿಲ್ಲ. ಸಾಗರನ ಸಾಮಾನಿದ್ದ ಸಣ್ಣ ಕೋಣೆಯ ಬಾಗಿಲನ್ನು ಎಳೆದುಕೊಂಡು, ಹೊರಗಿನಿಂದ ಕೀ ತಿರುಗಿಸಿ, ಆ ಕೀಯನ್ನು ನಿರುಪಮಾಳ ತೆರೆದ ಬ್ಯಾಗಿನೊಳಗೆ ಹಾಕಿದರು.